ಬಟವಾಡೆ ದಿನ ಏನು ಮಾಡ್ತೀಯಾ?

ಕುಡಿತ ಬಿಟ್ಟವರನ್ನು ವೇದಿಕೆ ಹತ್ತಿಸುವುದು ನಮ್ಮ ಕಡೆ ಮಾಮೂಲಿ. ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಕೈಗೆ ಮೈಕ್ ಕೊಡುತ್ತಾರೆ. ಹೆಂಡತಿಯ ತಾಳಿ ಅಡ ಇಟ್ಟಿದ್ದೆ, ಚರಂಡಿಯಲ್ಲಿ ಬಿದ್ದಿದ್ದೆ, ಈಗ ಹೊಸ ಮನುಷ್ಯ ಆಗಿದ್ದೇನೆ ಅಂತ ಅವನು ಹೇಳುತ್ತಾನೆ. ಚಪ್ಪಾಳೆ ಬೀಳುತ್ತದೆ. ಅತಿಥಿಗಳು ಫೋಟೋಗೆ ನಿಲ್ಲುತ್ತಾರೆ. ಹೀಗೆ ಶಾಲು ಹೊದ್ದವರಲ್ಲಿ ನಾನೂ ಒಬ್ಬ.

ಆದರೆ ಹಿಂದಿನ ಸಾಲಿನಲ್ಲಿ ಒಬ್ಬ ಕೂತಿರುತ್ತಾನೆ. ಬೆರಳು ನಡುಗುವುದು ಕಾಣಬಾರದು ಅಂತ ಎರಡೂ ಕೈ ಕಂಕುಳಿಗೆ ಸಿಕ್ಕಿಸಿಕೊಂಡಿರುತ್ತಾನೆ. ಈ ಭಾಷಣದಿಂದ ಅವನಿಗೆ ಏನೂ ಸಿಗುವುದಿಲ್ಲ. ಅವನಿಗೆ ಬೇಕಾದದ್ದೇ ಬೇರೆ. ಸಂಜೆ ಆರರಿಂದ ಒಂಬತ್ತರ ತನಕ ಹೊತ್ತು ಹೇಗೆ ಕಳೆಯೋದು? ನಿದ್ದೆ ಯಾವಾಗ ಸರಿಹೋಗುತ್ತೆ? ಹಳೇ ಸಾಲಗಾರ ಎದುರು ಸಿಕ್ಕಿದರೆ ಏನು ಹೇಳೋದು? ಬಟವಾಡೆ ದಿನ ದುಡ್ಡು ಯಾರ ಕೈಗೆ ಹೋಗಬೇಕು?

ಇವಕ್ಕೆ ಉತ್ತರ ಗೊತ್ತಿರುವುದು ಆ ದಾರಿಯಲ್ಲಿ ನಡೆದು ಬಂದವರಿಗೆ. ಅಂಥವರೇ ಈಗ ಆ ದಾರಿಯಲ್ಲಿರುವವರ ಜೊತೆಗೆ ನಿಲ್ಲುವುದಕ್ಕೆ ಪೀರ್ ಸಪೋರ್ಟ್ ಅನ್ನುತ್ತಾರೆ, ನಿಲ್ಲುವವನಿಗೆ ಪೀರ್. ಆ ಕೆಲಸದ ತಿರುಳು ಅದೇ. ಮಲೆನಾಡಿನ ಅಂಚಿನ ಒಂದು ಊರಿನ ವ್ಯಸನಮುಕ್ತಿ ಕೇಂದ್ರದಲ್ಲಿ ನಾನು ಈ ಕೆಲಸ ಮಾಡುತ್ತೇನೆ. ಮೊದಲು ಕುಡಿಯುತ್ತಿದ್ದೆ, ಆಮೇಲೆ ಅಡ್ಮಿಟ್ ಆದೆ, ಈಗ ಅಂಥದ್ದೇ ವಾರ್ಡಿನಲ್ಲಿ ನೌಕರಿ. ನನ್ನ ಕುಡಿತದ ಕಥೆ ಇಷ್ಟೇ ಸಾಕು. ಬೇರೆಯವರ ಕಥೆಗೂ ಅದಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಈ ಕೆಲಸವನ್ನು ಜನ 'ಪಾಪ, ಸೇವೆ ಮಾಡ್ತಾನೆ' ಅನ್ನುತ್ತಾರಲ್ಲ, ಅದರ ಬಗ್ಗೆ ಮಾತ್ರ ನನಗೆ ತಕರಾರಿದೆ. ಇದು ಕರುಣೆಯಲ್ಲ. ಇದು ಒಂದು ತಿಳಿವಳಿಕೆ. ಕಷ್ಟಪಟ್ಟು ಕಲಿತದ್ದು, ಬೇರೆ ಎಲ್ಲೂ ಬರೆದಿಡದೇ ಇರುವಂಥದ್ದು.

ಒಂದು ಉದಾಹರಣೆ ಹೇಳುತ್ತೇನೆ. ಗಾರೆ ಕೆಲಸದ ಒಬ್ಬ ಹುಡುಗ ಬಂದಿದ್ದ. ನಡುಕ ಇಳಿದಿತ್ತು, ಊಟ ಸೇರುತ್ತಿತ್ತು, ಎರಡು ದಿನ ಬಿಟ್ಟು ಮನೆಗೆ ಹೋಗುವವನಿದ್ದ. ಕೌನ್ಸೆಲರ್ ಮೇಡಂ ಅವನ ಜೊತೆ ಚೆನ್ನಾಗಿಯೇ ಮಾತಾಡಿದ್ದರು. ಎಲ್ಲದಕ್ಕೂ 'ಸರಿ ಮೇಡಂ' ಅಂದಿದ್ದ. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾಗ ನಾನು ಕೇಳಿದೆ.

"ಶನಿವಾರ ಬಟವಾಡೆ ಎಲ್ಲಿ ಮಾಡ್ತಾರೆ?"

"ಬಸ್‌ಸ್ಟ್ಯಾಂಡ್ ಹತ್ರ ಅಣ್ಣಾ. ವೈನ್ಸ್ ಪಕ್ಕದಲ್ಲೇ."

"ಅಲ್ಲೇ ಯಾಕೆ?"

"ಮೇಸ್ತ್ರಿ ಹತ್ರ ಎಲ್ಲಾ ಐನೂರರ ನೋಟು ಇರ್ತಾವೆ. ಚಿಲ್ಲರೆ ಅಲ್ಲಿ ಮಾತ್ರ ಸಿಗೋದು."

ನೋಡಿ, ಇಡೀ ಸಮಸ್ಯೆ ಈ ಒಂದು ಮಾತಲ್ಲಿದೆ. ವಾರದ ದುಡಿಮೆ ಕೈಗೆ ಬರುವ ಜಾಗವೇ ಅದು. ಚಿಲ್ಲರೆ ಮಾಡಿಸಲು ಒಬ್ಬ ಒಂದು ಕ್ವಾರ್ಟರ್ ತಗೊಳ್ಳಲೇಬೇಕು. ಅದನ್ನು ನಾಲ್ಕು ಜನ ಹಂಚಿಕೊಳ್ಳಬೇಕು. ಬೇಡ ಅಂದವನಿಗೆ 'ದೊಡ್ಡ ಮನುಷ್ಯ ಆಗಿಬಿಟ್ಟ' ಅನ್ನುವ ಮಾತು. ಫೈಲಿನಲ್ಲಿ ಇದನ್ನು 'ಹೈ ರಿಸ್ಕ್ ಸಿಚುಯೇಷನ್' ಅಂತ ಬರೆಯುತ್ತಾರೆ. ತಪ್ಪೇನಿಲ್ಲ. ಆದರೆ ಹಾಗೆ ಬರೆದ ಮಾತ್ರಕ್ಕೆ ಶನಿವಾರ ಸಂಜೆ ದಾಟುವುದಿಲ್ಲ.

ದುಡ್ಡನ್ನು ಹೆಂಡತಿಯ ಫೋನ್‌ಪೇಗೆ ಹಾಕಿಸು ಅಂದೆ. ಮೇಸ್ತ್ರಿ ಒಪ್ಪಲ್ಲ, ಎಲ್ಲಾ ಕ್ಯಾಶೇ ಅಂದ. ಹೆಂಡತಿಯೇ ಬಂದು ಇಸ್ಕೊಂಡು ಹೋಗಲಿ ಅಂದೆ. "ಅಯ್ಯೋ, ಎಲ್ಲರೂ ನಗ್ತಾರೆ ಅಣ್ಣಾ" ಅಂದ. ಅದೂ ನಿಜವೇ. ನಗಿಸಿಕೊಳ್ಳುವುದಕ್ಕಿಂತ ಕುಡಿಯುವುದು ಸುಲಭ, ಇದು ನನಗೂ ಗೊತ್ತು. ಕೊನೆಗೆ ಅವನ ಷಡ್ಡಕನ ಹೆಸರು ಬಂತು. ಅದೇ ಊರಲ್ಲಿ ಆಟೋ ಓಡಿಸುವವನು, ಕುಡಿಯದವನು. ಶನಿವಾರ ಐದೂವರೆಗೆ ಅವನು ಆಟೋ ತಂದು ಅಲ್ಲಿ ನಿಲ್ಲಿಸಿ ಹಾರ್ನ್ ಹೊಡೆಯಬೇಕು. ಇವನು 'ಬಾಡಿಗೆ ಕಾಯ್ತಾ ಇದೆ' ಅಂತ ಹೇಳಿ ಹತ್ತಬೇಕು. ಚಿಲ್ಲರೆ ಬಾಕಿ ಇದ್ದರೆ ಸೋಮವಾರ ಇಸ್ಕೊಂಡರಾಯ್ತು. ಷಡ್ಡಕನಿಗೆ ಅಲ್ಲೇ ಕೂತು ಫೋನ್ ಮಾಡಿದೆವು. ಆ ಹಾರ್ನ್ ಎಷ್ಟು ಶನಿವಾರ ಕೆಲಸ ಮಾಡುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಮೊದಲನೇ ಶನಿವಾರ ದಾಟಿದರೆ ಎರಡನೆಯದಕ್ಕೆ ಬೇರೆ ಉಪಾಯ ಹುಡುಕೋಣ, ಅಷ್ಟೇ.

ಇಂಥ ಉಪಾಯ ನೂರಾರು ಇವೆ. ಬೀಗರ ಊಟಕ್ಕೆ ಹೋದರೆ ಮೊದಲ ಪಂಕ್ತಿಯಲ್ಲೇ ಉಂಡು ಎದ್ದುಬಿಡಬೇಕು. ಊಟಕ್ಕೆ ಮುಂಚೆ ಹಿತ್ತಲಲ್ಲಿ, ಶಾಮಿಯಾನದ ಹಿಂದೆ, ನಿಂತಿರುವ ಕಾರಿನ ಡಿಕ್ಕಿಯಲ್ಲಿ ನಡೆಯುವ ವ್ಯವಹಾರದ ಕಡೆ ತಲೆ ಹಾಕಬಾರದು. ಕೈಯಲ್ಲಿ ಯಾವಾಗಲೂ ಒಂದು ಲೋಟ ಇರಬೇಕು, ಮಜ್ಜಿಗೆಯೋ ಸೋಡಾವೋ. ಖಾಲಿ ಕೈ ಕಂಡರೆ ಯಾರಾದರೂ ತುಂಬಿಸಲು ಬರುತ್ತಾರೆ. 'ಬಿಟ್ಟಿದ್ದೀನಿ' ಅಂದರೆ ಅದು ಸವಾಲು ಹಾಕಿದ ಹಾಗೆ. 'ಲಿವರ್‌ಗೆ ಮಾತ್ರೆ ತಗೊಳ್ತಾ ಇದ್ದೀನಿ, ಕುಡಿದ್ರೆ ಸಾಯ್ತೀಯಾ ಅಂದಿದ್ದಾರೆ ಡಾಕ್ಟ್ರು' ಅಂದರೆ ಹೆಚ್ಚಿನವರು ಸುಮ್ನಾಗುತ್ತಾರೆ. ಸುಳ್ಳು ಹೇಳಬೇಕಾ ಅಂತ ಕೆಲವರು ಕೇಳುತ್ತಾರೆ. ಮೊದಲ ವರ್ಷ ಹೇಳಿ, ಪರವಾಗಿಲ್ಲ ಅನ್ನುತ್ತೇನೆ. ನಮ್ಮ ಕೌನ್ಸೆಲರ್ ಇದನ್ನು ಪೂರ್ತಿ ಒಪ್ಪುವುದಿಲ್ಲ. ಅವರು ಬೀಗರ ಊಟಗಳಲ್ಲಿ ಶಾಮಿಯಾನದ ಹಿಂದೆ ನಿಂತವರಲ್ಲ.

2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಟೆಟ್ರಾ ಪ್ಯಾಕಿನ ಅಗ್ಗದ ವಿಸ್ಕಿ ಬಂತು. ಜೇಬಲ್ಲಿ ಇಟ್ಟರೆ ಉಬ್ಬು ಕಾಣದಷ್ಟು ಚಿಕ್ಕ ಪ್ಯಾಕು, ಮಕ್ಕಳ ಮಾವಿನಹಣ್ಣಿನ ಜ್ಯೂಸಿನ ಡಬ್ಬಿಯ ಥರವೇ. ಕುಡಿಯುವವನ ದಿನಚರಿ ಅದಕ್ಕೆ ತಕ್ಕ ಹಾಗೆ ಬದಲಾಯಿತು. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಒಂದು ನೈಂಟಿ. ಈ ಬದಲಾವಣೆ ಪುಸ್ತಕ ಸೇರುವ ಮುಂಚೆಯೇ ವಾರ್ಡಿನ ಹಳಬರಿಗೆ ಗೊತ್ತಿತ್ತು. ಎಲ್ಲಿ ಅಡಗಿಸಿಡುತ್ತಾರೆ ಅನ್ನುವುದೂ ಗೊತ್ತಿತ್ತು: ಬೈಕಿನ ಸೀಟಿನ ಕೆಳಗೆ, ಅಕ್ಕಿ ಡ್ರಮ್ಮಿನಲ್ಲಿ, ಕೊಟ್ಟಿಗೆಯ ಹುಲ್ಲಿನ ನಡುವೆ.

ಇನ್ನು ಮಾಲೆ ಹಾಕುವವರ ವಿಷಯ. ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಇದು. ಇಪ್ಪತ್ತು ವರ್ಷದಿಂದ ದಿನಾ ಕುಡಿಯುವವನು ನವೆಂಬರ್ ಮಧ್ಯದಲ್ಲಿ ಅಯ್ಯಪ್ಪನ ಮಾಲೆ ಹಾಕುತ್ತಾನೆ. ಮಂಡಲದ 41 ದಿನ ಒಂದು ತೊಟ್ಟೂ ಮುಟ್ಟುವುದಿಲ್ಲ. ಮಾತ್ರೆ ಇಲ್ಲ, ಕೌನ್ಸೆಲಿಂಗ್ ಇಲ್ಲ. ಹೇಗೆ? ಭಕ್ತಿ ಅನ್ನುತ್ತಾರೆ. ಭಕ್ತಿಯ ಪಾಲು ಎಷ್ಟು ಅಂತ ಅಳೆಯುವವನು ನಾನಲ್ಲ. ಆದರೆ ಸುತ್ತ ಏನೇನು ನಡೆಯುತ್ತದೆ ನೋಡಿ. ಬಟ್ಟೆ ಬದಲಾಗುತ್ತದೆ. ಹೆಂಡತಿಯಿಂದ ಹಿಡಿದು ಬಾರ್ ಸಪ್ಲಯರ್ ತನಕ ಎಲ್ಲರೂ 'ಸ್ವಾಮಿ' ಅನ್ನುತ್ತಾರೆ. ಬೆಳಗಿನ ಜಾವ ತಣ್ಣೀರು ಸ್ನಾನ. ಸಂಜೆ ಭಜನೆ, ಪಡಿಪೂಜೆ, ಇವತ್ತು ಅವರ ಮನೆ, ನಾಳೆ ಇವರ ಮನೆ. ಜೊತೆಗೆ ಹಾಗೇ ಕುಡಿತ ಬಿಟ್ಟು ಮಾಲೆ ಹಾಕಿದ ಹತ್ತು ಜನ. ಎಷ್ಟೋ ಸಲ ಬೆಟ್ಟ ಹತ್ತಿದ ಗುರುಸ್ವಾಮಿ ಒಬ್ಬರು. ಕುಡಿಯಲು ಕರೆಯುವ ಗೆಳೆಯನೇ ಕೈ ಮುಗಿದು ಪಕ್ಕಕ್ಕೆ ಸರಿಯುತ್ತಾನೆ. ಆರರಿಂದ ಒಂಬತ್ತರ ಸಂಜೆ ಪೂರ್ತಿ ತುಂಬಿಹೋಗಿರುತ್ತದೆ.

ಬೆಟ್ಟ ಇಳಿದು ಬಂದು ಮಾಲೆ ತೆಗೆದ ದಿನ ಇದೆಲ್ಲ ಒಟ್ಟಿಗೆ ಹೋಗುತ್ತದೆ. ಹೆಸರು ಹೋಯಿತು, ಗುಂಪು ಹೋಯಿತು, ಸಂಜೆ ಖಾಲಿಯಾಯಿತು. ಮಾಲೆ ತೆಗೆದ ರಾತ್ರಿಯೇ ಕುಡಿದವರನ್ನು ನೋಡಿದ್ದೇನೆ. ಜನ ಅವರನ್ನು ಬೈಯುತ್ತಾರೆ, ದೇವರಿಗೂ ಹೆದರದವನು ಅಂತ. ನನಗೆ ಹಾಗನ್ನಿಸುವುದಿಲ್ಲ. 41 ದಿನ ಅವನನ್ನು ಹಿಡಿದಿಟ್ಟಿದ್ದನ್ನೆಲ್ಲ ಒಂದೇ ದಿನ ಕಿತ್ತುಕೊಂಡರೆ ಅವನು ಎಲ್ಲಿ ನಿಲ್ಲಬೇಕು? ನಮ್ಮ ಕಡೆಯ ಒಬ್ಬ ಗುರುಸ್ವಾಮಿಗೆ ಇದು ತಾನಾಗಿಯೇ ಹೊಳೆದಿದೆ. ಅವರ ಮನೆಯಲ್ಲಿ ವರ್ಷವಿಡೀ ಶನಿವಾರ ಸಂಜೆ ಭಜನೆ ನಡೆಯುತ್ತದೆ. ಮಾಲೆ ಇಲ್ಲದಿದ್ದರೂ ಬನ್ನಿ ಅನ್ನುತ್ತಾರೆ. ಬಂದವರನ್ನು ಸ್ವಾಮಿ ಅಂತಲೇ ಕರೆಯುತ್ತಾರೆ. ಅವರು ಪೀರ್ ಸಪೋರ್ಟ್ ಅನ್ನುವ ಹೆಸರು ಕೇಳಿಲ್ಲ. ಕೇಳಬೇಕಾಗಿಯೂ ಇಲ್ಲ.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ದಿನಾ ಜಾಸ್ತಿ ಕುಡಿಯುವವರು ಮಾಲೆ ಹಾಕುವ ದಿನ ತಟ್ಟನೆ ನಿಲ್ಲಿಸುವುದು ಅಪಾಯ. ಕೊನೆಯ ಗುಟುಕಿನ ನಂತರ ಕೆಲವೇ ಗಂಟೆಗೆ ನಡುಕ ಶುರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಹಾವು, ಇರುವೆ, ಪೊಲೀಸರು. ದಿಕ್ಕು ತಪ್ಪಿ ಮಾತಾಡುತ್ತಾರೆ, ಜ್ವರ ಏರುತ್ತದೆ. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಓಡುತ್ತಾರೆ. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. ಪ್ರಾಣ ಹೋಗುವ ಸ್ಥಿತಿ. ಬಿ1 ವಿಟಮಿನ್ ಇಂಜೆಕ್ಷನ್, ನಡುಕ ಇಳಿಸುವ ಮಾತ್ರೆ, ಇವು ವೈದ್ಯರ ಕೈಯಲ್ಲೇ ಆಗಬೇಕು. ನಮ್ಮ ಡಾಕ್ಟರು ಈಗ ದೀಪಾವಳಿಗೂ ಮುಂಚೆಯೇ ಗುರುಸ್ವಾಮಿಗಳಿಗೆ ಹೇಳಿ ಕಳಿಸುತ್ತಾರೆ: ಮಾಲೆ ಹಾಕಬೇಕು ಅಂತಿರುವ ಕುಡುಕರಿದ್ದರೆ ಹದಿನೈದು ದಿನ ಮೊದಲೇ ಇಲ್ಲಿಗೆ ಕಳಿಸಿ. ಪೀರ್ ಆದವನು ಕಲಿಯಬೇಕಾದ ಮೊದಲ ಪಾಠವೂ ಇದೇ, ತನಗೆ ಏನು ಬರುವುದಿಲ್ಲ ಅನ್ನುವುದು. ನಾನು ಯಾರ ಮಾತ್ರೆಯನ್ನೂ ನಿಲ್ಲಿಸುವುದಿಲ್ಲ, ಶುರು ಮಾಡುವುದೂ ಇಲ್ಲ. ಕಾಫಿಯಲ್ಲಿ ಗೊತ್ತಾಗದ ಹಾಗೆ ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ಬೆರೆಸಿ ಕೊಡಲಾ ಅಂತ ಕೇಳುವ ತಾಯಂದಿರಿಗೆ ಬೇಡವೇ ಬೇಡ ಅನ್ನುತ್ತೇನೆ. ಅದರ ಮೇಲೆ ಅವನು ಕುಡಿದರೆ ಆಗುವುದು ಸಣ್ಣ ಅನಾಹುತವಲ್ಲ.

ಈ ಕೆಲಸ ಹೊಸದೂ ಅಲ್ಲ. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯ ಮಾನಸಿಕ ರೋಗಿಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವನು ಜ್ಯಾಂ ಬಾಪ್ತಿಸ್ತ್ ಪುಸ್ಸಾಂ. ಚರ್ಮ ಹದ ಮಾಡುವ ಕಸುಬಿನವನು. ಕುತ್ತಿಗೆಯ ಗಡ್ಡೆಯ ಕಾಯಿಲೆಗೆ ಚಿಕಿತ್ಸೆ ಪಡೆಯಲು ಅದೇ ಆಸ್ಪತ್ರೆಗೆ ಬಂದು, ವಾಸಿಯಾಗಿ, ಅಲ್ಲೇ ಕೆಲಸಕ್ಕೆ ನಿಂತವನು. 1793ರಲ್ಲಿ ಹೆಸರಾಂತ ವೈದ್ಯ ಫಿಲಿಪ್ ಪಿನೆಲ್ ಅಲ್ಲಿಗೆ ಬಂದಾಗ ಪುಸ್ಸಾಂ ಆಗಲೇ ಒಂದು ಪದ್ಧತಿ ಮಾಡಿಕೊಂಡಿದ್ದ. ಆಳುಗಳನ್ನು ಆದಷ್ಟೂ ಗುಣವಾದ ರೋಗಿಗಳಲ್ಲೇ ಆರಿಸುತ್ತಿದ್ದ. ಅವರು ಹೊಡೆಯುವುದಿಲ್ಲ, ಸಹನೆ ಜಾಸ್ತಿ ಅನ್ನುವುದು ಅವನ ಕಾರಣ. ಮುಂದೆ ರೋಗಿಗಳ ಸರಪಳಿ ಬಿಚ್ಚಿಸಿದ ಕೀರ್ತಿ ಬಹಳ ಕಾಲ ಪಿನೆಲ್ ಹೆಸರಿಗೇ ಇತ್ತು. ಬಿಸೆತ್ರ್‌ನಲ್ಲಿ ಅದನ್ನು ಮಾಡಿದವನು ಪುಸ್ಸಾಂ.

ಕುಡಿತದ ವಿಷಯದಲ್ಲಿ ಎಲ್ಲರೂ ಹೇಳುವ ಕಥೆ 1935ರದು. ಬಿಲ್ ವಿಲ್ಸನ್ ಅನ್ನುವ ನ್ಯೂಯಾರ್ಕಿನ ಶೇರು ದಲ್ಲಾಳಿ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರಕ್ಕೆ ಅಂತ ಓಹಾಯೊ ರಾಜ್ಯದ ಆಕ್ರನ್‌ಗೆ ಬಂದ, ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವನು ಚರ್ಚುಗಳಿಗೆ ಫೋನ್ ಮಾಡಿ ಇನ್ನೊಬ್ಬ ಕುಡುಕನ ವಿಳಾಸ ಹುಡುಕಿಸಿದ. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್ ಅನ್ನುವ ಸರ್ಜನ್. ಇಬ್ಬರೂ ಸೇರಿ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಕಟ್ಟಿದರು. ಈ ಕಥೆಯಲ್ಲಿ ನನಗೆ ಇಷ್ಟವಾಗುವ ಭಾಗ ಒಂದೇ. ಬಿಲ್ ಫೋನ್ ಮಾಡಿದ್ದು ಯಾರನ್ನೋ ಉದ್ಧಾರ ಮಾಡೋಕೆ ಅಲ್ಲ. ಆ ಸಂಜೆ ತಾನು ಕುಡಿಯದಿರೋಕೆ.

ಭಾರತಕ್ಕೆ ಎಎ ಬಂದದ್ದು 1950ರ ದಶಕದಲ್ಲಿ. ಈಗ ಬೆಂಗಳೂರಿನ ಚರ್ಚಿನ ಕೋಣೆಗಳಲ್ಲಿ, ಶಾಲೆಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೀಟಿಂಗುಗಳು ನಡೆಯುತ್ತವೆ. ಫೀಸಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಕುಡಿತ ಬಿಟ್ಟು ವರ್ಷ ತುಂಬಿದರೆ ಬರ್ತ್‌ಡೇ, ಕೇಕು. ಮೀಸೆ ನೆರೆತವರೂ ಒಂದನೇ ಬರ್ತ್‌ಡೇ ಕೇಕು ಕತ್ತರಿಸುತ್ತಾರೆ. ಹಳ್ಳಿಗಳ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೆ ಕೆಲಸ ಮಾಡುವ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೇ ಹೆಚ್ಚು ಪರಿಚಿತ. ಎಂಟು ದಿನದ ಶಿಬಿರ ಮುಗಿದ ಮೇಲೆ ಊರಲ್ಲಿ ನವಜೀವನ ಸಮಿತಿ ಅಂತ ಕಟ್ಟುತ್ತಾರೆ. ಕುಡಿತ ಬಿಟ್ಟವರು ಅದರಲ್ಲಿ ಆಗಾಗ ಸೇರುತ್ತಾರೆ. ನನ್ನ ಲೆಕ್ಕದಲ್ಲಿ ಎಂಟು ದಿನಕ್ಕಿಂತ ಆ ಸಮಿತಿಯೇ ಮುಖ್ಯ. ಯಾವ ಊರಲ್ಲಿ ಸಮಿತಿ ಸೇರುವುದು ನಿಲ್ಲುತ್ತದೋ ಅಲ್ಲಿಯವರು ಒಬ್ಬೊಬ್ಬರಾಗಿ ನಮ್ಮ ಕೇಂದ್ರದ ಗೇಟಿಗೆ ಬರುತ್ತಾರೆ.

ಇದೆಲ್ಲ ನಿಜಕ್ಕೂ ಕೆಲಸ ಮಾಡುತ್ತಾ ಅಂತ ಕೇಳುವವರಿದ್ದಾರೆ, ಕೇಳಲೇಬೇಕು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಒಂದು ವರ್ಷ ಪೂರ್ತಿ ಕುಡಿಯದೇ ಇದ್ದವರು ಎಎ ದಾರಿಯಲ್ಲಿ ನೂರಕ್ಕೆ 42, ಬೇರೆ ಚಿಕಿತ್ಸೆಗಳಲ್ಲಿ ನೂರಕ್ಕೆ 35. ಸಣ್ಣ ವ್ಯತ್ಯಾಸ ಅನ್ನಬಹುದು. ಆದರೆ ಫೀಸು ತಗೊಳ್ಳದ ಗುಂಪು ಫೀಸು ತಗೊಳ್ಳುವ ಚಿಕಿತ್ಸೆಗೆ ಸರಿಸಮ ನಿಂತದ್ದು ಸಣ್ಣದಲ್ಲ ಅಲ್ವಾ? ತೀವ್ರ ಮಾನಸಿಕ ಕಾಯಿಲೆಗಳಲ್ಲಿ ಫಲ ಇಷ್ಟು ಸ್ಪಷ್ಟವಿಲ್ಲ. ಪೀರ್ ಜೊತೆಗಿದ್ದರೆ ಭರವಸೆ ಹೆಚ್ಚುತ್ತದೆ, ನನ್ನ ಬದುಕು ನನ್ನ ಕೈಲಿದೆ ಅನ್ನಿಸುತ್ತದೆ. ಕಾಯಿಲೆಯ ಲಕ್ಷಣಗಳೇ ಕಡಿಮೆಯಾಗುತ್ತವೆ ಅನ್ನಲು ಗಟ್ಟಿ ಆಧಾರ ಸಾಲದು. ಹಾಗಾಗಿ ನಾವು ಡಾಕ್ಟರಿಗೆ ಬದಲಿ ಅಲ್ಲ, ಅವರ ಜೊತೆಗಿರುವವರು. ಇನ್ನು ನಮ್ಮ ದೇಶದಲ್ಲಿ ಡಾಕ್ಟರ ತನಕ ತಲುಪುವವರಾದರೂ ಎಷ್ಟು ಜನ? 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಏಮ್ಸ್ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಪೂರ್ತಿ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಎಲ್ಲಿದ್ದಾರೆ ಅಂತ ಹುಡುಕಲು ದೂರ ಹೋಗಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನ ಬಟವಾಡೆಗೆ ಹೋದರೆ ಸಾಕು.

ಮಾನಸಿಕ ಕಾಯಿಲೆಯ ಕಡೆಯ ಪೀರ್ ಕೆಲಸವನ್ನು ನಾನು ಕಲಿತದ್ದು ಒಬ್ಬ ಅಕ್ಕನಿಂದ. ಹೆಸರು ಹೇಳುವುದಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಅವತ್ತು ಮನೋವೈದ್ಯರು ಬರುತ್ತಾರೆ. ಜಿಲ್ಲೆಯ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕು ಅನ್ನುವುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಮೊದಲು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ. ಆ ಮಂಗಳವಾರಗಳಲ್ಲಿ ಈ ಅಕ್ಕ ಕಾಯುವ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗೆ ಸ್ಕಿಜೋಫ್ರೇನಿಯಾ (ಯಾರೂ ಇಲ್ಲದಿದ್ದರೂ ದನಿ ಕೇಳಿಸಬಹುದಾದ ಮಾನಸಿಕ ಕಾಯಿಲೆ) ಅಂತ ಹೇಳಿ ಬಹಳ ವರ್ಷ ಆಯ್ತು, ಮಾತ್ರೆ ನುಂಗುತ್ತಲೇ ಇದ್ದಾರೆ. ಒಂದು ಸಲ ತಾಯಿ ಮಗಳು ಬಂದಿದ್ದರು. ಮಗಳು ಮಾತ್ರೆ ಬಿಟ್ಟಿದ್ದಾಳೆ ಅಂತ ತಾಯಿಯ ದೂರು. ಹತ್ತು ಗಂಟೆಯಾದರೂ ಏಳಲ್ಲ, ಸೋಮಾರಿ, ಇವಳನ್ನ ಯಾರು ಮದುವೆ ಆಗ್ತಾರೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು. ಹುಡುಗಿ ನೆಲ ನೋಡುತ್ತಿದ್ದಳು. ಅಕ್ಕ ತಾಯಿಗೆ ಏನೂ ಬುದ್ಧಿ ಹೇಳಲಿಲ್ಲ. ಹುಡುಗಿಯ ಪಕ್ಕಕ್ಕೆ ಸರಿದು ಕೂತರು.

"ಬಾಯಿ ಒಣಗುತ್ತಾ?"

"ಹೂಂ."

"ನನಗೂ. ಬಾಯಲ್ಲಿ ಸೋಂಪು ಇಟ್ಕೊಳ್ತೀನಿ. ಎಷ್ಟು ಗಂಟೆಗೆ ತಗೊಳ್ತೀಯಾ ಮಾತ್ರೆ?"

"ಮಲಗೋವಾಗ. ಹತ್ತೂವರೆ."

"ಸ್ವಲ್ಪ ಬೇಗ ತಗೊಳ್ಳಬಹುದಾ ಅಂತ ಒಳಗೆ ಹೋದಾಗ ಡಾಕ್ಟ್ರನ್ನ ಕೇಳು. ನಾನು ಕೇಳಿದ್ದೆ. ಎಂಟಕ್ಕೆ ಮಾಡಿಕೊಟ್ರು. ಬೆಳಿಗ್ಗೆ ಕಣ್ಣು ಬಿಡೋಕೆ ಆಯ್ತು."

ಹುಡುಗಿ ಮೊದಲ ಸಲ ತಲೆ ಎತ್ತಿದಳು. ತಾಯಿಗೆ ಕೇಳಿಸದಷ್ಟು ಮೆಲ್ಲಗೆ, "ಅಕ್ಕಾ, ನಿಮಗೆ ಈಗಲೂ ಕೇಳಿಸುತ್ತಾ?" ಅಂದಳು.

"ಒಮ್ಮೊಮ್ಮೆ. ಅಡುಗೆ ಮಾಡೋವಾಗ ರೇಡಿಯೋ ಹಾಕ್ಕೊಳ್ತೀನಿ."

ಅಷ್ಟೇ ಮಾತು. ಅಕ್ಕ ಮಾತ್ರೆ ಬದಲಿಸು ಅನ್ನಲಿಲ್ಲ, ಡಾಕ್ಟರನ್ನು ಕೇಳು ಅಂದರು. ಪೂರ್ತಿ ವಾಸಿಯಾಗುತ್ತೆ ಅಂತಲೂ ಹೇಳಲಿಲ್ಲ. ದನಿ ಕೇಳುತ್ತಲೇ ಸಾರು ಕುದಿಸಬಹುದು, ಬಸ್ ಹತ್ತಿ ಬರಬಹುದು ಅನ್ನುವುದು ಆ ಹುಡುಗಿಯ ಕಣ್ಣೆದುರಿಗೇ ಕೂತಿತ್ತು. ಅಂಗವಿಕಲರ ಕಾರ್ಡಿಗೆ ಯಾವ ಕಿಟಕಿಗೆ ಹೋಗಬೇಕು, ಯಾವ ದಿನ ಸಹಿ ಹಾಕುವವರು ಸಿಗುತ್ತಾರೆ ಅನ್ನುವುದೂ ಅಕ್ಕನಿಗೆ ಬಾಯಿಪಾಠ. ಗುಜರಾತಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ರೋಗಿಗಳ ಆರೈಕೆ, ಹಕ್ಕುಗಳನ್ನು ಸುಧಾರಿಸುವ ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿ ರೈಟ್ಸ್ ಯೋಜನೆ ನಡೆದಾಗ ಇಂಥವರನ್ನೇ ಹುಡುಕಿ ತರಬೇತಿ ಕೊಟ್ಟು ಸೇರಿಸಿಕೊಂಡರು. ನಮ್ಮ ಅಕ್ಕನಿಗೆ ಸಿಗುವುದು ಬಸ್ ಚಾರ್ಜು, ಮಧ್ಯಾಹ್ನದ ಊಟ.

ಹೆಂಗಸರ ವಿಷಯ ಬಂದಾಗ ಇನ್ನೊಂದು. ಅದೇ 2019ರ ಸಮೀಕ್ಷೆಯಲ್ಲಿ ಕುಡಿಯುವ ಹೆಂಗಸು ಒಬ್ಬರಾದರೆ ಗಂಡಸರು 17. ಆ ಒಬ್ಬರು ನಮ್ಮಂಥ ಕೇಂದ್ರಕ್ಕೆ ಬರುವುದೇ ಇಲ್ಲ, ಬಂದರೆ ಮಾತಾಡಲು ಅಂಥದ್ದೇ ಅನುಭವದ ಹೆಂಗಸು ನಮ್ಮಲ್ಲಿಲ್ಲ. ನಾನು ಆ ಜಾಗದಲ್ಲಿ ಕೂರುವುದು ಸರಿಯಲ್ಲ. ಬಟವಾಡೆಯ ಜ್ಞಾನ ಅಲ್ಲಿ ಕೆಲಸಕ್ಕೆ ಬಾರದು.

ಈ ಕೆಲಸ ಕೆಡುವುದೂ ಇದೆ. ನಾನು ಮೊದಲು ಸೇರಿದ್ದ ಜಾಗದ ಹೆಸರು ಬೇಡ. ಅಲ್ಲಿ ಹಳಬರ ಕೈಗೆ ಬೀಗದ ಕೈ ಕೊಟ್ಟಿದ್ದರು, ಒಂದು ಕೋಲನ್ನೂ ಕೊಟ್ಟಿದ್ದರು. ಹೊಸಬ ಕೂಗಾಡಿದರೆ ಅವನನ್ನು ಹಿಡಿದು ಕಟ್ಟುವುದು ನಿನ್ನೆಯ ತನಕ ತಾನೇ ಕೂಗಾಡುತ್ತಿದ್ದವನ ಕೆಲಸ. ಮನೆಯವರಿಗೆ ಅವನನ್ನೇ ತೋರಿಸಿ 'ನೋಡಿ, ಇವನೂ ಹಾಗೇ ಇದ್ದ' ಅನ್ನುತ್ತಿದ್ದರು. ಪುಸ್ಸಾಂ ಯಾವ ಕಾರಣಕ್ಕೆ ಗುಣವಾದವರನ್ನು ಆರಿಸಿದನೋ ಅದಕ್ಕೆ ಪೂರ್ತಿ ಉಲ್ಟಾ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮರುವರ್ಷ ಮೇ ತಿಂಗಳಿಂದ ಜಾರಿಯಲ್ಲಿದೆ. ಮದ್ಯ, ಮಾದಕ ವಸ್ತುವಿನಿಂದ ಬರುವ ಮಾನಸಿಕ ಸ್ಥಿತಿಗಳೂ ಅದರಡಿ ಬರುತ್ತವೆ. ಯಾರನ್ನೂ ಯಾವ ರೀತಿಯಲ್ಲೂ ಸರಪಳಿ ಹಾಕಿ ಕಟ್ಟಬಾರದು ಅಂತ ಅದು ನೇರವಾಗಿ ಹೇಳುತ್ತದೆ. ಮನೆಯವರನ್ನು ಎಲ್ಲಿಗಾದರೂ ಸೇರಿಸುವ ಮುಂಚೆ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ವಾರದೊಳಗೆ ಭೇಟಿಗೆ ಬಿಡ್ತೀರಾ ಅಂತಲೂ ಕೇಳಿ. ಎರಡಕ್ಕೂ ಗೊಣಗುವ ಜಾಗ ಬೇಡ. ಎಲ್ಲಿ ಹೋಗುವುದು ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಕುಡಿತ, ಗಾಂಜಾ, ಡ್ರಗ್ಸ್ ವಿಷಯಕ್ಕೆ 14446 ಇದೆ.

ಇನ್ನೊಂದು ಕೆಡುಕು ಸದ್ದಿಲ್ಲದ್ದು. ನನ್ನ ಜೊತೆ ಕೆಲಸ ಮಾಡುತ್ತಿದ್ದವನನ್ನು ಮಂಜಣ್ಣ ಅಂತ ಇಟ್ಟುಕೊಳ್ಳೋಣ. ಬಹಳ ಒಳ್ಳೆಯ ಪೀರ್. ರಾತ್ರಿ ಪಾಳಿ ಯಾರೂ ಒಪ್ಪದಿದ್ದರೆ ಅವನೇ. ಡಿಸ್ಚಾರ್ಜ್ ಆದವರಿಗೆಲ್ಲ ತನ್ನ ನಂಬರ್ ಕೊಟ್ಟಿದ್ದ. ರಾತ್ರಿ ಎರಡಕ್ಕೂ ಫೋನು ಬರುತ್ತಿತ್ತು. ಕೆಲವರಿಗೆ ಕೈಯಿಂದ ದುಡ್ಡೂ ಕೊಟ್ಟಿದ್ದ. ಎಲ್ಲ ಕಾರ್ಯಕ್ರಮದಲ್ಲೂ ಅವನದೇ ಭಾಷಣ, ಅದೇ ಕಥೆ. "ನನ್ನ ಕಥೆ ಹೇಳಿ ಹೇಳಿ ಅದು ನನ್ನದು ಅನ್ನಿಸ್ತಾನೇ ಇಲ್ಲ ಮಾರಾಯ" ಅಂತ ಒಂದು ದಿನ ಚಹಾ ಕುಡಿಯುತ್ತಾ ಅಂದಿದ್ದ. ಅದಾದ ಒಂದು ವಾರದಲ್ಲಿ, ಅವನ ಕೈಯಲ್ಲಿ ಪಳಗಿದ್ದ ಹುಡುಗನೊಬ್ಬ ನೇಣು ಹಾಕಿಕೊಂಡ. ಮಂಜಣ್ಣ ಮಣ್ಣಿಗೆ ಹೋಗಿ ಬಂದು ಅದೇ ರಾತ್ರಿ ಪಾಳಿಗೆ ನಿಂತ. ಅವನನ್ನು ಕೂರಿಸಿ ಹೇಗಿದ್ದೀಯಾ ಅಂತ ಕೇಳುವ ವ್ಯವಸ್ಥೆಯೇ ಇರಲಿಲ್ಲ. ಆ ತಿಂಗಳ ಕೊನೆಗೆ ಅವನು ಕುಡಿದ. ಆಡಳಿತದವರು ಅವತ್ತೇ ಕೆಲಸದಿಂದ ತೆಗೆದರು, ಗೋಡೆಯಿಂದ ಅವನ ಫೋಟೋನೂ ತೆಗೆದರು. ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಶುಗರ್ ಏರಿದರೆ ಕೆಲಸದಿಂದ ತೆಗೆಯುತ್ತಾರಾ? ರಜೆ ಕೊಡುತ್ತಾರೆ. ಮಂಜಣ್ಣ ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾನೆ, ಕುಡಿದಿಲ್ಲ. ವಾಪಸ್ ಬಾ ಅಂದರೆ ನಗುತ್ತಾನೆ.

ಎಎನಲ್ಲಿ ಸಂಬಳ ಇಲ್ಲ, ಅದು ಸರಿ. ಅಲ್ಲಿ ಯಾರೂ ನೌಕರರಲ್ಲ, ಮನಸ್ಸಿಲ್ಲದಿದ್ದರೆ ಮೀಟಿಂಗಿಗೆ ಬರದೇ ಇರಬಹುದು. ಪಾಳಿ, ರಿಜಿಸ್ಟರು, ರಾತ್ರಿ ಡ್ಯೂಟಿ ಹಾಕಿದ ಮೇಲೆ ಅದು ಸೇವೆಯಲ್ಲ, ಉದ್ಯೋಗ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1999ರಲ್ಲೇ ಸರ್ಕಾರಿ ಆರೋಗ್ಯ ವಿಮೆಯ ದುಡ್ಡಿನಿಂದ ಪೀರ್ ಕೆಲಸಕ್ಕೆ ಹಣ ಕೊಡಲು ಶುರು ಮಾಡಿದರು. ಈಗ ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ತರಬೇತಿ ಇದೆ, ಪರೀಕ್ಷೆ ಇದೆ, ಸರ್ಟಿಫಿಕೇಟ್ ಇದೆ. ನಮ್ಮಲ್ಲೂ ಕೇಂದ್ರದ ನೆರವು ಪಡೆಯುವ ವ್ಯಸನಮುಕ್ತಿ ಕೇಂದ್ರಗಳಲ್ಲಿ ಪೀರ್ ಎಜುಕೇಟರ್ ಅಂತ ಹುದ್ದೆ ಇದೆ. ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಬೀದಿಯಲ್ಲಿ ಕೂತದ್ದನ್ನು ನೋಡಿದವರಿಗೆ ಹುದ್ದೆ ಇರುವುದು ಬೇರೆ, ಬದುಕುವಷ್ಟು ಸಂಬಳ ಇರುವುದು ಬೇರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮಂಜಣ್ಣನ ಗಲಾಟೆ ಆದ ಮೇಲೆ ನಮ್ಮಲ್ಲಿ ಕೆಲವು ಬದಲಾವಣೆ ಬಂದಿವೆ. ರಾತ್ರಿ ಪಾಳಿ ಒಬ್ಬರಿಗೇ ಸತತವಾಗಿ ಹಾಕುವುದಿಲ್ಲ. ಸ್ವಂತ ನಂಬರ್ ಕೊಡುವ ಹಾಗಿಲ್ಲ, ಕೇಂದ್ರದ ಒಂದು ಮೊಬೈಲ್ ಇದೆ, ಅದು ಸರದಿಯ ಮೇಲೆ. ಸೋಮವಾರ ಬೆಳಿಗ್ಗೆ ಸೋಷಿಯಲ್ ವರ್ಕರ್ ಮೇಡಂ ನಮ್ಮನ್ನು ಒಂದು ತಾಸು ಕೂರಿಸಿಕೊಳ್ಳುತ್ತಾರೆ. ಅಲ್ಲಿ ರೋಗಿಗಳ ಮಾತಿಲ್ಲ, ನಮ್ಮದೇ ಮಾತು: ನಿದ್ದೆ, ಮನೆ, ಆಸೆ ಆದ ದಿನ. ಮೊದಮೊದಲು ಎಲ್ಲರೂ ಕೈ ಕಟ್ಟಿ ಕೂರುತ್ತಿದ್ದೆವು, ಈಗ ತಾಸು ಸಾಲುವುದಿಲ್ಲ. ಕುಡಿತ ಬಿಟ್ಟು ಮೂರು ತಿಂಗಳಿಗೇ 'ನಾನೂ ಪೀರ್ ಆಗ್ತೀನಿ ಅಣ್ಣಾ' ಅಂತ ಬರುವ ಹುಡುಗರಿಗೆ ಒಂದು ದಸರಾ, ಒಂದು ದೀಪಾವಳಿ, ಊರ ಜಾತ್ರೆ ಎಲ್ಲ ದಾಟಿಕೊಂಡು ಬನ್ನಿ, ಅಲ್ಲಿಯ ತನಕ ನಿಮ್ಮ ಹಳೇ ಕೆಲಸಕ್ಕೇ ಹೋಗಿ ಅನ್ನುತ್ತೇವೆ. ಕೆಲವರಿಗೆ ಬೇಜಾರಾಗುತ್ತದೆ. ಆಗಲಿ.

ಸಂಬಳದ ಚೀಟಿಯಲ್ಲಿ ನನ್ನ ಹುದ್ದೆ ಇವತ್ತಿಗೂ 'ಅಟೆಂಡರ್' ಅಂತಲೇ ಇದೆ. ಅದನ್ನು ಬದಲಿಸಿ, ಜೊತೆಗೆ ಮಂಗಳವಾರದ ಅಕ್ಕನಿಗೂ ಒಂದು ಚೀಟಿ ಕೊಡಿ ಅಂತ ಅರ್ಜಿ ಬರೆದಿದ್ದೇನೆ. ಮುಂದಿನ ಟ್ರಸ್ಟ್ ಮೀಟಿಂಗಿಗೆ ಇಡ್ತೀವಿ ಅಂದಿದ್ದಾರೆ.